ಎಚ್ಚರಿಕೆಗೆ ಹೊಲಿದ ಪರದೆ

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾಕು, ಕರೆಯದೆ ಬರುವ ನೆಂಟನ ಹಾಗೆ ಆ ಹಳದಿ ಚೌಕ ಬಂದು ಕೂರುತ್ತಿತ್ತು. ಕೂರುವ ಜಾಗವೂ ಒಂದೇ, ಸ್ಕ್ರೀನಿನ ಬಲಗಡೆ ಕೆಳಗಿನ ಮೂಲೆ. ಹೇಳುವ ಮಾತೂ ಒಂದೇ. 'ಈ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ. ಇದಕ್ಕೆ ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ. ನಿಮ್ಮ ಫೈಲುಗಳಿಗೆ ಅಪಾಯವಿದೆ.'

ಕತ್ತರಿಯಕ್ಕ 'ಆಮೇಲೆ ನೆನಪಿಸಿ' ಎಂಬಲ್ಲಿ ಒತ್ತುತ್ತಿದ್ದಳು. ಅರ್ಧ ಗಂಟೆಗೆ ಅದು ಮತ್ತೆ ಹಾಜರು.

ಹನ್ನೊಂದು ಹೆಂಗಸರು ಸೇರಿ ನಡೆಸುವ ಆ ಹೊಲಿಗೆ ಘಟಕದಲ್ಲಿ ಬಟ್ಟೆ ಕತ್ತರಿಸುವವಳು ಅವಳೊಬ್ಬಳೇ. ಅದಕ್ಕೇ ಆ ಹೆಸರು. ಮೊದಲನೇ ಮಹಡಿಯ ಉದ್ದನೆಯ ಕೋಣೆ, ಏಳು ಮಷೀನು, ನಡುವೆ ಕತ್ತರಿಸುವ ಮೇಜು, ಕಿಟಕಿಯ ಪಕ್ಕ ಇಸ್ತ್ರಿ ಮಾವನ ಹಲಗೆ. ಕಂಪ್ಯೂಟರನ್ನು ಕೆಟ್ಟುಹೋದ ಹಳೇ ಹೊಲಿಗೆ ಮಷೀನಿನ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಅದರ ಮುಂದೆ ಕೂತಾಗ ಕತ್ತರಿಯಕ್ಕನ ಕಾಲು ತನ್ನಷ್ಟಕ್ಕೆ ತಾನೇ ಕೆಳಗಿನ ಪೆಡಲ್ ತುಳಿಯುತ್ತಿತ್ತು.

ಒಂದು ದಿನ ಅವಳಿಗೆ ರೋಸಿಹೋಯಿತು. ಬೂದು ಬಣ್ಣದ ಲೈನಿಂಗ್ ಬಟ್ಟೆಯಲ್ಲಿ ಅಂಗೈಯಗಲದ ತುಂಡು ಕತ್ತರಿಸಿದಳು. ಅಂಚು ಮಡಚದೆ ಬಿಟ್ಟರೆ ಅವಳ ಕೈಗೆ ಸಮಾಧಾನವಿಲ್ಲ. ನಾಲ್ಕೂ ಕಡೆ ಮಡಚಿ ಹೊಲಿದು, ಸ್ಕ್ರೀನಿನ ಆ ಮೂಲೆಗೆ ಅಂಟುಪಟ್ಟಿಯಿಂದ ನೇತುಹಾಕಿದಳು. ಹಳದಿ ಚೌಕ ಪರದೆಯ ಹಿಂದೆ ಹೋಯಿತು. ಅಂದಿನಿಂದ ಮನಸ್ಸಿಗೆ ಆರಾಮ.

ಆ ಪರದೆಯನ್ನು ಮೊದಲು ಪ್ರಶ್ನಿಸಿದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಪಕ್ಕದ ಬೀದಿಯ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಅವಳದು. ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ತನ್ನ ಅಂಗಿಯ ಅಳತೆ ಕೊಡಲು ಮಧ್ಯಾಹ್ನ ಬಂದವಳು ಅಲ್ಲೇ ನಿಂತುಬಿಟ್ಟಳು.

"ಇದೇನಕ್ಕ, ಕಂಪ್ಯೂಟರಿಗೆ ಮುಸುಕು?"

"ಬಾಯಿಬಡುಕನ ಬಾಯಿಗೆ ಬಟ್ಟೆ ಕಟ್ಟಿದಾರೆ ನಮ್ಮಕ್ಕ," ಎಂದ ಇಸ್ತ್ರಿ ಮಾವ.

ಓರಗಿತ್ತಿ ಪರದೆ ಎತ್ತಿ ಓದಿದಳು. ಅವಳ ಮುಖ ಸಣ್ಣಗಾಯಿತು. "ಅಕ್ಕ, ಇದನ್ನ ಮುಚ್ಚಿಡಬಾರದು. ನಂಗೆ ತಿಳಿದಮಟ್ಟಿಗೆ ಹೇಳ್ತೀನಿ. ಈ ಸಿಸ್ಟಮ್ ಅನ್ನೋದು ಕಂಪ್ಯೂಟರನ್ನ ಒಳಗಿಂದ ನಡೆಸೋದು. ಅದನ್ನ ಮಾಡಿದವರು ಮೊದಲೆಲ್ಲ ತಿಂಗಳು ತಿಂಗಳು ನೋಡಿ, ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಲ್ಲಿ ಹೊಲಿದು ಕೊಡ್ತಿದ್ರು. ಅದೇ ಅಪ್‌ಡೇಟ್. ಈಗ ಈ ಹಳೇದಕ್ಕೆ ನಿಲ್ಲಿಸಿದಾರೆ. ಬಿಟ್ಟ ಹೊಲಿಗೆ ಬಿಟ್ಟ ಹಾಗೇ ಇರತ್ತೆ. ಎಲ್ಲಿ ಬಿಟ್ಟಿದೆ ಅಂತ ಕಳ್ಳರಿಗೆ ಚೆನ್ನಾಗಿ ಗೊತ್ತು."

"ಕ್ಲಾಸಿಗೆ ಸೇರಿ ಮೂರು ತಿಂಗಳಾಗಿಲ್ಲ, ಆಗಲೇ ನನಗೆ ಪಾಠ," ಎಂದಳು ಕತ್ತರಿಯಕ್ಕ. "ಇಲ್ಲಿ ಕದಿಯೋಕೆ ಏನಿದೆ ತಾಯಿ? ಯಾರ ಸೊಂಟ ಎಷ್ಟು, ಯಾರ ತೋಳು ಎಷ್ಟು, ಅಷ್ಟೇ ತಾನೆ."

"ಕದಿಯೋದೇ ಬೇಡ ಅಕ್ಕ. ಒಳಗೆ ನುಗ್ಗಿ ನಿಮ್ಮ ಫೈಲಿಗೆಲ್ಲ ಅವರ ಬೀಗ ಜಡಿದ್ರೆ? ಬೀರು ನಿಮ್ಮದು, ಬೀಗದ ಕೈ ಅವರ ಹತ್ರ."

"ನೋಡು, ಅದು ಸುಮ್ಮನೆ ಓಡ್ತಿದೆ. ಅದಕ್ಕೆ ಕೈ ಹಾಕೋದು ಇರಲಾರದೆ ಇರುವೆ ಬಿಟ್ಕೊಂಡ ಹಾಗೆ. ಕೈ ಎತ್ತು, ನಿನ್ನ ತೋಳಿನ ಅಳತೆ ತಗೋಬೇಕು."

ಕತ್ತರಿಯಕ್ಕ ಹೀಗೆ ಮಾತು ಮುಗಿಸಿದ್ದು ಧೈರ್ಯದಿಂದಲ್ಲ, ಭಯದಿಂದ. ಆ ಕಂಪ್ಯೂಟರಿನಲ್ಲಿ ದೊಡ್ಡ ಆಸ್ಪತ್ರೆಯೊಂದರ ಆರುನೂರ ಹನ್ನೆರಡು ಸಿಬ್ಬಂದಿಯ ಅಳತೆಗಳಿದ್ದವು. ಎಡಭುಜ ಒಂದಿಂಚು ಇಳಿದಿರುವ ವಾರ್ಡಿನ ಆಯಾ, ಒಂದು ತೋಳು ಮೊಣಕೈವರೆಗೇ ಇರುವ ಔಷಧಿ ವಿಭಾಗದವರು, ಎಲ್ಲರಿಗೂ ಅವರವರ ಮೈಗೆ ಕೂರುವಂಥ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಮೂನೆ, ಅವಳು ಅದರಲ್ಲೇ ವರ್ಷಗಟ್ಟಲೆ ಕೂತು ಮಾಡಿದ್ದಳು. ಹೊಸ ಸಮವಸ್ತ್ರಗಳನ್ನು ಇನ್ನು ಆರು ವಾರದಲ್ಲಿ ಕೊಡಬೇಕಿತ್ತು. ತಪ್ಪಿದರೆ ಆ ಕೆಲಸ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರೇ ಅಳತೆಯಲ್ಲಿ ಹೊಲಿಯುವ ಕಾರ್ಖಾನೆಗೆ. ಹನ್ನೊಂದು ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ಹೊಸ ಸಿಸ್ಟಮ್ ಹಾಕಲು ಹೋಗಿ ಅಳತೆಗಳೇ ಅಳಿಸಿಹೋದರೆ ಎಂಬ ಹೆದರಿಕೆ ಅವಳ ಗಂಟಲಲ್ಲಿ ಸೂಜಿಯ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ದಿನ ಕಳೆಯಿತು. ಕತ್ತರಿಯಕ್ಕ ಕಾಲರಿನ ಹೊಸ ನಮೂನೆಗಾಗಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಳು. ಇದ್ದಕ್ಕಿದ್ದಂತೆ ಸ್ಕ್ರೀನೆಲ್ಲ ಕೆಂಪಾಯಿತು. ಸೈರನ್ ಕೂಗತೊಡಗಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ಆಫ್ ಮಾಡಬೇಡಿ. ಕೂಡಲೇ ಈ ನಂಬರಿಗೆ ಕರೆ ಮಾಡಿ.' ಏಳು ಮಷೀನೂ ಒಟ್ಟಿಗೆ ನಿಂತವು.

ಹದಿನೆಂಟು ತಿಂಗಳು ಹಳದಿ ಚೌಕಕ್ಕೆ ಸೊಪ್ಪು ಹಾಕದವಳು ಕೆಂಪು ಕಂಡೊಡನೆ ಫೋನ್ ಎತ್ತಿದಳು. ಆ ಕಡೆಯಿಂದ ತುಂಬ ವಿನಯದ ದನಿ. "ಹೆದರಬೇಡಿ ಮೇಡಂ, ನಾನು ಹೇಳಿದ ಹಾಗೆ ಮಾಡಿ. ಒಂದು ಸಣ್ಣ ಪ್ರೋಗ್ರಾಂ ಹಾಕ್ಕೊಳ್ಳಿ, ನಾವು ಇಲ್ಲಿಂದಲೇ ನಿಮ್ಮ ಕಂಪ್ಯೂಟರ್ ಸರಿ ಮಾಡ್ತೀವಿ."

ಅಷ್ಟರಲ್ಲಿ ಓರಗಿತ್ತಿ ತನ್ನ ಅಂಗಿ ಹಾಕಿ ನೋಡಲು ಬಂದಳು. ಕೆಂಪು ಸ್ಕ್ರೀನ್ ನೋಡಿದಳು, ಅಕ್ಕನ ಕೈಯ ಫೋನ್ ನೋಡಿದಳು.

"ಅಕ್ಕ, ಇಡಿ ಅದನ್ನ."

"ಸುಮ್ಮನಿರೆ, ಅವರು ಸರಿ ಮಾಡ್ತಾರಂತೆ."

"ಅವರೇ ಅಕ್ಕ ಕಳ್ಳರು."

ಯಾವತ್ತೂ ದನಿ ಏರಿಸದ ಹುಡುಗಿ ಅಕ್ಕನ ಕೈಯಿಂದ ಫೋನ್ ಕಿತ್ತು ಕರೆ ಕತ್ತರಿಸಿದಳು. ಆ ಪುಟ ಮುಚ್ಚಲು ನೋಡಿದಳು, ಆಗಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರನ್ನೇ ಆರಿಸಿದಳು. ಮತ್ತೆ ಹಚ್ಚಿದಾಗ ಕೆಂಪೂ ಇಲ್ಲ, ಸೈರನ್ನೂ ಇಲ್ಲ.

"ಅದು ಬರೀ ಒಂದು ವೆಬ್ ಪುಟ," ಎಂದಳು ಉಸಿರು ಬಿಡುತ್ತಾ. "ನಿಜವಾದ ಎಚ್ಚರಿಕೆ ಹೀಗೆ ಫೋನ್ ನಂಬರ್ ಕೊಟ್ಟು ಕರೆ ಮಾಡಿ ಅನ್ನಲ್ಲ, ಸೈರನ್ ಕೂಗಿ ಹೆದರಿಸಲ್ಲ. ಈಗ ಇದನ್ನ ನೋಡಿ."

ಅವಳು ಬೂದು ಪರದೆ ಎತ್ತಿದಳು. ಹಳದಿ ಚೌಕ ತನ್ನ ಜಾಗದಲ್ಲಿ ತನ್ನ ಪಾಡಿಗೆ ಕೂತಿತ್ತು.

"ಕೂಗಿದ ಸುಳ್ಳಿಗೆ ಓಡಿದ್ವಿ, ಮೆಲ್ಲಗೆ ಹೇಳಿದ ಸತ್ಯಕ್ಕೆ ಮುಸುಕು ಹಾಕಿದ್ವಿ," ಎಂದ ಇಸ್ತ್ರಿ ಮಾವ.

ಕತ್ತರಿಯಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಕಾಲು ಪೆಡಲ್ ತುಳಿಯತೊಡಗಿತು. ಗಂಟಲಿನ ಸೂಜಿ ಅಂತೂ ಹೊರಬಿತ್ತು. "ಹೊಸ ಸಿಸ್ಟಮ್ ಹಾಕುವಾಗ ಅಳತೆ ಎಲ್ಲ ಹೋದ್ರೆ ಏನೇ ಮಾಡ್ಲಿ? ಪ್ಯಾಟರ್ನಿನ ಪ್ರೋಗ್ರಾಂ ಅದರಲ್ಲಿ ಓಡದೇ ಇದ್ರೆ?"

"ಓಡತ್ತೋ ಇಲ್ವೋ, ನಂಗೆ ಗೊತ್ತಿಲ್ಲ ಅಕ್ಕ. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನಲ್ಲ, ಕ್ಲಾಸಿನ ಮೇಷ್ಟ್ರನ್ನ ಕೇಳ್ಕೊಂಡು ಬರ್ತೀನಿ." ಓರಗಿತ್ತಿ ಗೋಡೆಯ ಕಡೆ ನೋಡಿದಳು. "ಆದ್ರೆ ಒಂದು ಕೇಳ್ಲಾ? ಆ ಮೊಳೆಗೆ ತೂಗುಹಾಕಿರೋ ಕಾಗದದ ಪ್ಯಾಟರ್ನುಗಳು ಇದಾವಲ್ಲ, ಅದೇ ಥರದ್ದು ಅಟ್ಟದ ಮೇಲೂ ಒಂದು ಡಬ್ಬೀಲಿದೆ. ಯಾಕೆ?"

"ಒಂದ್ಸಲ ಇಲಿ ತಿಂದು ಹಾಕಿತ್ತಲ್ಲ. ಅವತ್ತಿಂದ ಏನೇ ಮಾಡಿದ್ರೂ ಎರಡು ಮಾಡ್ತೀನಿ. ಒಂದು ಮೊಳೆಗೆ, ಒಂದು ಅಟ್ಟಕ್ಕೆ."

"ಇದರೊಳಗಿರೋ ಆರುನೂರ ಹನ್ನೆರಡಕ್ಕೆ ಅಟ್ಟ ಎಲ್ಲಿದೆ?"

ಪೆಡಲ್ ನಿಂತಿತು.

ಹೊಲಿಗೆಯ ಭಾಷೆಯಲ್ಲಿ ಹೇಳಿದ್ದನ್ನು ಕತ್ತರಿಯಕ್ಕನಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಅಂದೇ ಅವಳು ಇಂಟರ್ನೆಟ್ಟಿನ ವೈರು ಕಿತ್ತಿಟ್ಟಳು. ಮಾರನೆಯ ದಿನ ಓರಗಿತ್ತಿ ನೋಟ್‌ಬುಕ್ಕಿನಲ್ಲಿ ಮೇಷ್ಟ್ರ ಉತ್ತರ ಬರೆದುಕೊಂಡು ಬಂದಳು. ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ನಕಲು ಸರಿಯಾಗಿದೆಯೇ ಎಂದು ತೆರೆದು ನೋಡಬೇಕು. ಆಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಬೇಕು. ಅಲ್ಲಿಯವರೆಗೆ ಹೊಸ ಸಿಸ್ಟಮ್ಮಿನ ಸುದ್ದಿಯೇ ಬೇಡ.

ನಕಲಾಗಲು ಎರಡು ಗಂಟೆ ಹಿಡಿಯಿತು. ಹತ್ತು ಅಳತೆ ತೆರೆದು ನೋಡಿದರೆ ಸಾಕು ಎಂದಿದ್ದರು ಮೇಷ್ಟ್ರು. ಕತ್ತರಿಯಕ್ಕ ಅರವತ್ತು ತೆರೆದಳು.

ಆಮೇಲೆ ಮೇಷ್ಟ್ರಿಗೆ ಗೊತ್ತಿದ್ದ ಮೆಕ್ಯಾನಿಕ್ ಬಂದು, ಹೊಸ ಸಿಸ್ಟಮ್ಮನ್ನು ಈ ಕಂಪ್ಯೂಟರ್ ತಡೆದುಕೊಳ್ಳುತ್ತದೆಯೇ ಎಂದು ನೋಡಿದ. ಸ್ವಲ್ಪ ಮೆಮೊರಿ ಸೇರಿಸಿದರೆ ಆದೀತು ಎಂದ. ಸಿಸ್ಟಮ್ ಬದಲಾಯಿತು, ಕಿತ್ತಿಟ್ಟಿದ್ದ ಇಂಟರ್ನೆಟ್ ವೈರು ಮತ್ತೆ ಸೇರಿತು. ಪ್ಯಾಟರ್ನಿನ ಪ್ರೋಗ್ರಾಂ ಮೊದಲ ದಿನ ಮೊಂಡು ಹಿಡಿಯಿತು, ಅದರ ಹೊಸ ಆವೃತ್ತಿ ಹಾಕಿದ ಮೇಲೆ ದಾರಿಗೆ ಬಂತು. ಆದರೂ ಕತ್ತರಿಯಕ್ಕನಿಗೆ ನಂಬಿಕೆಯಿಲ್ಲ. ಹಳೇ ಬೆಡ್‌ಶೀಟಿನ ಮೇಲೆ ಆಯಾಳ ಅಂಗಿಯ ಪ್ಯಾಟರ್ನ್ ಹಾಕಿ ಕತ್ತರಿಸಿದಳು. ಕಂಪ್ಯೂಟರ್ ಬರುವ ಮುಂಚೆ ಆಯಾಳಿಗೆ ಮಾಡಿದ್ದ ಹಳೇ ಕಾಗದದ ಪ್ಯಾಟರ್ನನ್ನು ಅಟ್ಟದಿಂದ ಇಳಿಸಿ ಅದರ ಮೇಲಿಟ್ಟಳು. ಎಡಭುಜ ಒಂದಿಂಚು ಕೆಳಗೆ. ನೂಲೆಳೆಯಷ್ಟೂ ಆಚೀಚೆ ಇಲ್ಲ.

"ಇನ್ನು ಬಟ್ಟೆ ಬಿಚ್ಚಿ," ಎಂದಳು. ಏಳು ಮಷೀನೂ ಹೊರಟವು.

ಸಮವಸ್ತ್ರ ಕೊಡಲು ಎಂಟು ದಿನ ಉಳಿದಿದ್ದಾಗ ಆ ಬೀದಿಯ ಅಂಗಡಿಗಳಿಗೆಲ್ಲ ಒಂದು ಇಮೇಲ್ ಬಂತು. 'ನಿಮ್ಮ ಆರ್ಡರಿನ ವಿವರ ಇದರೊಂದಿಗಿದೆ.' ಘಟಕಕ್ಕೂ ಬಂತು. ಅವಸರದಲ್ಲಿದ್ದ ಕತ್ತರಿಯಕ್ಕ ಅದರ ಜೊತೆಗಿದ್ದ ಫೈಲನ್ನು ತೆರೆಯಲು ಹೋದಳು. ತಪ್ಪೇ, ಆದರೆ ಮನುಷ್ಯರ ಕೈ ಜಾರುವುದೇ ಹೀಗೆ. ಕಂಪ್ಯೂಟರ್ ಅಡ್ಡ ಬಂತು. 'ಈ ಫೈಲ್ ಅಪಾಯಕಾರಿ. ತಡೆಯಲಾಗಿದೆ.' ಅಷ್ಟೇ. ಸೈರನ್ ಇಲ್ಲ, ಫೋನ್ ನಂಬರ್ ಇಲ್ಲ. ಅವಳು ಈ ಸಲ ಪೂರ್ತಿ ಓದಿದಳು. ಕೈ ಹಿಂದೆಗೆದು, ಇಮೇಲನ್ನು ಅಳಿಸಿದಳು.

ಮಧ್ಯಾಹ್ನ ಕೆಳಗಿನ ಮಹಡಿಯ ಪ್ರಿಂಟಿಂಗ್ ಪ್ರೆಸ್ಸಿನಣ್ಣ ಮೆಟ್ಟಿಲು ಹತ್ತಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ. "ಅಕ್ಕ, ಅದನ್ನ ತೆರೆದೆ. ನನ್ನ ಡಿಸೈನುಗಳಿಗೆಲ್ಲ ಬೀಗ ಬಿದ್ದಿದೆ. ಒಂದೂ ತೆಗೆಯೋಕೆ ಆಗ್ತಿಲ್ಲ. ನಿಮ್ಮದು?"

"ನಮ್ಮದು ಓಡ್ತಿದೆ," ಎಂದಳು ಕತ್ತರಿಯಕ್ಕ. ಹೇಳಿದ ಮೇಲೆಯೇ ಅವಳಿಗೆ ತಾನು ಎಂಥ ಬಾವಿಯ ಅಂಚಿನಲ್ಲಿ ನಿಂತಿದ್ದೆ ಎಂಬುದು ಕಂಡಿದ್ದು. "ಅಣ್ಣ, ನಿಮ್ಮ ಕಂಪ್ಯೂಟರಿನ ಮೂಲೇಲಿ ಒಂದು ಹಳದಿ ಚೌಕ ಬರ್ತಿತ್ತಾ?"

"ಬರ್ತಿತ್ತು. ದಿನಾ 'ಆಮೇಲೆ' ಅಂತ ಒತ್ತುತ್ತಿದ್ದೆ."

ಎಂಟನೇ ದಿನ ಆರುನೂರ ಹನ್ನೆರಡು ಸಮವಸ್ತ್ರಗಳು ಆಸ್ಪತ್ರೆಯ ಬಾಗಿಲಿಗೆ ಹೋದವು. ಒಂದೂ ಕಡಿಮೆಯಿಲ್ಲ. ಆಯಾ ತನ್ನ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು, ಎರಡೂ ಭುಜ ಮುಟ್ಟಿಕೊಂಡು, "ನನ್ನ ಮೈ ಇವರಿಗೆ ಬಾಯಿಪಾಠ," ಎಂದಳಂತೆ. ಮುಂದಿನ ವರ್ಷದ ಕೆಲಸವೂ ಘಟಕಕ್ಕೇ ಎಂಬ ಪತ್ರ ಅದೇ ವಾರ ಬಂತು. ಹನ್ನೊಂದು ಹೆಂಗಸರು ಕತ್ತರಿಸುವ ಮೇಜಿನ ಸುತ್ತ ನಿಂತು, ಮೇಜೇ ಅದುರುವ ಹಾಗೆ ಕೈಯಿಂದ ಬಡಿದರು. ಇಸ್ತ್ರಿ ಮಾವ ಆ ಪತ್ರಕ್ಕೂ ಒಂದು ಇಸ್ತ್ರಿ ಹಾಕಿ, ಮಡಿಕೆಯಿಲ್ಲದ ಹಾಗೆ ಮಾಡಿ ಗೋಡೆಗೆ ಅಂಟಿಸಿದ.

ಬೂದು ಪರದೆ ಏನಾಯಿತು? ಕತ್ತರಿಯಕ್ಕ ಬಟ್ಟೆ ಬಿಸಾಡುವವಳಲ್ಲ. ಅದಕ್ಕೆ ಇನ್ನೊಂದು ತುಂಡು ಜೋಡಿಸಿ, ಡಿಸ್ಕ್ ಇಡಲು ಒಂದು ಚೀಲ ಹೊಲಿದಳು. ಮೇಲೆ ಕೆಂಪು ದಾರದಲ್ಲಿ 'ಸೋಮವಾರ' ಎಂದು ಹೊಲಿದಳು. ಪ್ರತಿ ಸೋಮವಾರ ನಕಲು ಆಗಿ ಡಿಸ್ಕ್ ಚೀಲಕ್ಕೆ, ಚೀಲ ಅಟ್ಟಕ್ಕೆ. ಅಂಥದೇ ಇನ್ನೊಂದು ಚೀಲ ಹೊಲಿದುಕೊಂಡು ಅವಳು ಕೆಳಗಿಳಿದು ಪ್ರೆಸ್ಸಿಗೆ ಹೋದಳು. ಪ್ರೆಸ್ಸಿನಣ್ಣ ಗಿರಾಕಿಗಳ ಹತ್ತಿರವಿದ್ದ, ತಾನೇ ಅಚ್ಚು ಹಾಕಿಕೊಟ್ಟಿದ್ದ ಹಳೇ ಕಾರ್ಡುಗಳನ್ನು ಕೇಳಿ ತಂದು, ಮೊದಲಿಂದ ಡಿಸೈನ್ ಮಾಡುತ್ತಾ ಕೂತಿದ್ದ.

"ತಗೊಳ್ಳಿ ಅಣ್ಣ. ಗೊತ್ತಾಗದಿದ್ರೆ ನಾಚ್ಕೊಬೇಡಿ, ಕೇಳಿ. ನನ್ನ ಓರಗಿತ್ತಿನೂ ಕೇಳಿನೇ ಕಲಿತಿದ್ದು."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಅಂಗಡಿಯ, ಸಂಘದ, ಮನೆಯ ಕಂಪ್ಯೂಟರನ್ನು ಇವತ್ತು ಹಚ್ಚಿದಾಗ ಆ ಮೂಲೆಯನ್ನೊಮ್ಮೆ ನೋಡಿ. ಸಿಸ್ಟಮ್ ಹಳೆಯದಾಯಿತು, ಅಪ್‌ಡೇಟ್ ನಿಂತಿತು ಎಂದು ಅದು ಹೇಳುತ್ತಿದ್ದರೆ 'ಆಮೇಲೆ' ಒತ್ತಬೇಡಿ. ಮೊದಲು ನಕಲು ಮಾಡಿ ಬೇರೆ ಕಡೆ ಇಡಿ. ಬಲ್ಲವರನ್ನು ಕೇಳಿ ಹೊಸ ಸಿಸ್ಟಮ್ ಹಾಕಿಸಿ. ಕಂಪ್ಯೂಟರ್ ಅದನ್ನು ತಡೆದುಕೊಳ್ಳದಿದ್ದರೆ, ಬೇರೆಯದು ಬರುವ ತನಕ ಇಂಟರ್ನೆಟ್ಟಿನಿಂದ ಬಿಡಿಸಿಡಿ. ಹೊಸ ಸಿಸ್ಟಮ್ ಬಂದರೂ ಗುರುತಿಲ್ಲದ ಫೈಲ್ ತೆರೆಯಬೇಡಿ, ಎಲ್ಲವನ್ನೂ ಅದೇ ತಡೆಯುತ್ತದೆ ಎಂದು ಹೇಳಲಾಗದು. ಸ್ಕ್ರೀನ್ ಕೂಗಿ ಫೋನ್ ಮಾಡು ಎಂದರೆ ಮಾತ್ರ ಮಾಡಲೇಬೇಡಿ.

ನೀವು ವರ್ಷಗಟ್ಟಲೆ ಕೂತು ಮಾಡಿದ್ದು ಆ ಪೆಟ್ಟಿಗೆಯೊಳಗಿದೆ. ಅದಕ್ಕೊಂದು ಅಟ್ಟವಿರಲಿ. ಪರದೆ ಹೊಲಿದಿದ್ದರೆ, ಇವತ್ತೇ ಬಿಚ್ಚಿ.