ಅತ್ತೆ ಕೊಟ್ಟ ಐದು ಕಿಂಡಿಯ ಸ್ವಿಚ್ಚು

ಮಧ್ಯಾಹ್ನದ ಊಟ ಮುಗಿದು ತಗಡಿನ ಛಾವಣಿ ಕಾದಿತೆಂದರೆ ಸೇನಿಯ ಆಫೀಸಿನ ಫೋನುಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು. ಕಂಪ್ಯೂಟರುಗಳೂ ಅಷ್ಟೆ, ನಿಂತಲ್ಲೇ ನಿಲ್ಲುತ್ತಿದ್ದವು. ಸಂಜೆ ಬಿಸಿಲು ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಎದ್ದು ಕೂರುತ್ತಿದ್ದವು.

ಟೊಂಗಾ ದೇಶದ ನೆಯಾಫು ಬಂದರಿನ ಪಕ್ಕದಲ್ಲಿದೆ ಈ ಆಫೀಸು. ಸುತ್ತಲಿನ ಸಣ್ಣ ದ್ವೀಪಗಳಿಗೆ ದೋಣಿಯಲ್ಲಿ ಹೋಗುವ ನರ್ಸುಗಳು ಅಲ್ಲಿಂದ ಇಲ್ಲಿಗೆ ಫೋನು ಮಾಡುತ್ತಾರೆ. ಇಲ್ಲಿಂದ ಡಾಕ್ಟರಿಗೆ ಕೊಂಡಿ. ಫೋನು ಸತ್ತರೆ ದ್ವೀಪದಲ್ಲಿರುವ ರೋಗಿಗೆ ಡಾಕ್ಟರು ಇಲ್ಲ ಎಂದೇ ಲೆಕ್ಕ.

ಆ ಗುರುವಾರ ಹಾಗೇ ಆಯಿತು. ನರ್ಸ್ ಎಲೆನೋವಾ ಲೈನಿನಲ್ಲಿದ್ದಳು.

“ಅಕ್ಕ, ಫೊಲಾವು ಮಾವನ ಕಾಲಿನ ಗಾಯ ನೋಡೋಕಾಗ್ತಿಲ್ಲ. ಸಕ್ಕರೆ ಕಾಯಿಲೆ ಬೇರೆ. ಡಾಕ್ಟರಿಗೆ ಕೊಡಿ ಬೇಗ. ದೋಣಿ ಹೊರಡೋಕೆ ನಿಂತಿದೆ, ಕರ್ಕೊಂಡು ಬರ್ಬೇಕಾ ಹೇಗೆ...”

ಅಷ್ಟೇ. ಮುಂದೆ ಬರೀ ಮೌನ. ಸೇನಿ ಹಲೋ ಹಲೋ ಎಂದು ಗಂಟಲು ಹರಿದುಕೊಂಡಳು. ಮತ್ತೆ ಮಾತು ಸಿಕ್ಕಿದ್ದು ಸಂಜೆಗೆ. ಅಷ್ಟರಲ್ಲಿ ದೋಣಿ ಹೊರಟುಹೋಗಿತ್ತು. ಮಾರನೇ ದಿನ ಬಂದ ಫೊಲಾವುವಿನ ಕಾಲು ಉಳಿಯಿತು, ದೇವರು ದೊಡ್ಡವನು. ಆದರೆ ಎರಡು ಬೆರಳು ಹೋದವು.

ಸೇನಿಗೆ ಅನ್ನ ಸೇರಲಿಲ್ಲ. ಸ್ನೇಹಿತೆ ಪಿಸಿಲಾಳನ್ನು ಕರೆಸಿದಳು. ಊರಿನ ಹೈಸ್ಕೂಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳು. ಬಾಯಿ ಸ್ವಲ್ಪ ಜೋರು, ಮನಸ್ಸು ಚಿನ್ನ.

ಪಿಸಿಲಾ ಬಂದವಳೇ ಗೋಡೆಯ ಮೇಲಿನ ಕೇಬಲ್ಲುಗಳ ಹಿಂದೆ ಹೋದಳು. ಎಲ್ಲವೂ ಹತ್ತಿಕೊಂಡು ಹೋಗಿ ತೀರಾ ಮೇಲಿನ ಶೆಲ್ಫಿಗೆ, ಛಾವಣಿಗೆ ತಲೆ ತಾಗುವಷ್ಟು ಎತ್ತರಕ್ಕೆ ಸೇರುತ್ತಿದ್ದವು. ಅಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಏನೋ ಕೂತಿತ್ತು.

“ಇದ್ಯಾರೇ, ಮದುಮಗಳು?”

“ಸುಮ್ನಿರು. ಅದು ಲೆಸಿಯೆಲಿ ಅತ್ತೆ ಕೊಟ್ಟಿದ್ದು. ನಮ್ಮ ಸ್ವಿಚ್ಚು.”

ಸ್ವಿಚ್ಚೆಂದರೆ ದೀಪ ಹಾಕುವ ಸ್ವಿಚ್ಚಲ್ಲ. ಆಫೀಸಿನ ಕಂಪ್ಯೂಟರು, ಫೋನು, ಪ್ರಿಂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವುದು ಅದರ ಕೆಲಸ. ಆಫೀಸು ಎರಡೇ ಮೇಜಿನಿಂದ ಶುರುವಾದಾಗ ಐದು ಕಿಂಡಿಯ ಈ ಪೆಟ್ಟಿಗೆಯನ್ನು ಅತ್ತೆ ಉಡುಗೊರೆ ಕೊಟ್ಟಿದ್ದರು. ಅತ್ತೆಯೆಂದರೆ ಸೇನಿಯ ಅಪ್ಪನ ಅಕ್ಕ. ಟೊಂಗಾದಲ್ಲಿ ತಮ್ಮನ ಮನೆಗೆ ಅಕ್ಕನಿಗಿಂತ ದೊಡ್ಡವರಿಲ್ಲ, ಅವರ ಮಾತಿಗೆ ಎದುರು ಮಾತಿಲ್ಲ.

ಹಾಗಾಗಿ ಆಫೀಸು ಬೆಳೆದು ಇನ್ನೆರಡು ಪೆಟ್ಟಿಗೆ ಬಂದಾಗ ಅವನ್ನು ಅತ್ತೆಯ ಪೆಟ್ಟಿಗೆಗಿಂತ ಮೇಲೆ ಇಡುವುದುಂಟೇ? ಹೊರಗಿನ ಲೈನು ಮೊದಲು ಅತ್ತೆಯ ಪೆಟ್ಟಿಗೆಗೇ ಬರಬೇಕು. ಮಿಕ್ಕವು ಅದರ ಬಾಲ ಹಿಡಿಯಬೇಕು. ಧೂಳು ಬೀಳಬಾರದೆಂದು ಮೇಲೊಂದು ಬಟ್ಟೆ. ಮರ್ಯಾದೆ ಅಂದರೆ ಮರ್ಯಾದೆ!

ಪಿಸಿಲಾ ಸ್ಟೂಲು ಹತ್ತಿ ಬಟ್ಟೆ ಸರಿಸಿ ಮುಟ್ಟಿದಳು. ಫಟ್ಟನೆ ಕೈ ಹಿಂದೆಳೆದುಕೊಂಡಳು.

“ಅಮ್ಮಾ! ನೆಲದ ಗುಂಡಿಯೊಲೆಯ ಕಲ್ಲಿನ ಹಾಗೆ ಕಾದಿದೆ ಕಣೆ. ಇದರ ಮೇಲೆ ಕೆಸುವಿನೆಲೆ ಇಟ್ರೆ ಬೆಂದೇ ಹೋಗುತ್ತೆ. ಛಾವಣಿ ಬಿಸಿ ಮೇಲಿಂದ, ಬಟ್ಟೆ ಸುತ್ತ, ಇಡೀ ಆಫೀಸಿನ ಭಾರ ಒಳಗೆ. ಮಧ್ಯಾಹ್ನ ಇದಕ್ಕೆ ಜ್ಞಾನ ತಪ್ಪದೆ ಇನ್ನೇನಾಗುತ್ತೆ?”

“ಹಾಗಾದ್ರೆ ಬಟ್ಟೆ ತೆಗೆದು ಕೆಳಗಿಟ್ರೆ ಸಾಕಲ್ವಾ?”

“ಬಿಸಿ ಕಮ್ಮಿಯಾಗುತ್ತೆ. ಭಾರ ಕಮ್ಮಿಯಾಗುತ್ತಾ? ಎಲ್ಲರ ಮಾತೂ ಈ ಒಂದು ಹಳೇ ಪೆಟ್ಟಿಗೆಯ ಒಂದೇ ಕಿಂಡಿಯಲ್ಲಿ ನುಗ್ಗಬೇಕು. ಇದು ಬಿದ್ರೆ ಎಲ್ಲರೂ ಬಿದ್ರು. ದೊಡ್ಡದೊಂದು ಸ್ವಿಚ್ಚು ತಗೋ.”

ಸೇನಿ ಮೂಗು ಮುರಿದಳು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.”

“ನಿನ್ನ ಕಾಲು ಆಗ್ಲೇ ಹಾಸಿಗೆ ದಾಟಿ ಅಂಗಳಕ್ಕೆ ಬಂದಿದೆ. ಬಾ, ಎಣಿಸೋಣ.”

ಇಬ್ಬರೂ ಮೇಜಿನಿಂದ ಮೇಜಿಗೆ ನಡೆದರು. ಕಂಪ್ಯೂಟರು ಆರು, ಫೋನು ನಾಲ್ಕು, ಪ್ರಿಂಟರು ಒಂದು, ವೈಫೈ ಪೆಟ್ಟಿಗೆ ಒಂದು, ಬಾಗಿಲ ಕ್ಯಾಮೆರಾ ಒಂದು, ಹೊರಗಿನ ಲೈನು ಒಂದು.

“ಹದಿನಾಲ್ಕು. ಹಾಗಾದ್ರೆ ಹದಿನಾರು ಕಿಂಡಿಯದು ಸಾಕು” ಎಂದಳು ಸೇನಿ.

“ಬರೋ ವರ್ಷ ಯಾರೂ ಸೇರಲ್ವಾ?”

“ಎರಡು ದ್ವೀಪದವರು ನರ್ಸ್ ಕೇಳಿದ್ದಾರೆ. ಅವರಿಗೂ ಒಂದೊಂದು ಕಂಪ್ಯೂಟರು, ಫೋನು ಬೇಕು.”

“ಅಲ್ಲಿಗೆ ಹದಿನೆಂಟಾಯ್ತು. ಹದಿನಾರರದು ತಂದ್ರೆ ಮತ್ತೆ ಬಾಲ ಜೋಡಿಸ್ತೀಯ. ಮಕ್ಕಳಿಗೆ ಬಟ್ಟೆ ಹೊಲಿಸೋವಾಗ ಒಂದಿಷ್ಟು ಮಡಿಸಿ ಹೊಲಿಸಲ್ವಾ? ಇಪ್ಪತ್ತನಾಲ್ಕು ಕಿಂಡಿಯದು ತಗೋ. ಇನ್ನೊಂದು ವಿಷಯ. ಈ ಫೋನುಗಳಿಗೆ ಕರೆಂಟು ಎಲ್ಲಿಂದ?”

ಸೇನಿ ನೆಲದ ಮೇಲೆ ಹಾವಿನ ಗುಂಪಿನಂತೆ ಬಿದ್ದಿದ್ದ ಪ್ಲಗ್ಗುಗಳನ್ನು ತೋರಿಸಿದಳು.

“ಕೇಬಲ್ಲಿನಲ್ಲೇ ಕರೆಂಟೂ ಕಳಿಸೋ ಸ್ವಿಚ್ಚು ಬರುತ್ತೆ. ಫೋನು, ವೈಫೈ, ಕ್ಯಾಮೆರಾ ಆ ಥರದ್ದಾಗಿದ್ರೆ ಬೇರೆ ಪ್ಲಗ್ಗೇ ಬೇಡ. ಸ್ವಿಚ್ಚಿಗೂ ಹೊರಗಿನ ಲೈನಿನ ಪೆಟ್ಟಿಗೆಗೂ ಒಂದು ಯುಪಿಎಸ್ ಕೊಡು, ಕರೆಂಟು ಹೋದ್ರೂ ಸ್ವಲ್ಪ ಹೊತ್ತು ಫೋನು ಬದುಕಿರುತ್ತೆ. ಆದ್ರೆ ಪೆಟ್ಟಿಗೆ ಒಟ್ಟು ಎಷ್ಟು ವಾಟ್ ಕೊಡುತ್ತೆ ಅಂತ ಕೇಳು. ನಿನ್ನ ಸಾಮಾನೆಲ್ಲ ಸೇರಿ ತಿನ್ನೋದಕ್ಕಿಂತ ಅದು ಜಾಸ್ತಿ ಇರ್ಬೇಕು. ಆಮೇಲೆ, ಯಾರೋ ಪುಣ್ಯಾತ್ಮರು ಒಂದೇ ಕೇಬಲ್ಲಿನ ಎರಡೂ ತುದಿ ಸಿಕ್ಕಿಸಿಬಿಟ್ರೆ ಮಾತು ಒಳಗೊಳಗೇ ಗಿರಗಿರ ಸುತ್ತಿ ಎಲ್ಲಾ ನಿಂತುಹೋಗುತ್ತೆ. ಅದನ್ನ ತಾನೇ ತಡೆಯೋ ಸ್ವಿಚ್ಚು ಬೇಕು ಅಂತ ಬಾಯಿಬಿಟ್ಟು ಹೇಳು.”

ಸೇನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದದ್ದಕ್ಕೇ ಭಯವೂ ಆಯಿತು. “ಅತ್ತೆ ಕೊಟ್ಟಿದ್ದನ್ನ ತೆಗೆದುಹಾಕೋದಾ? ನನ್ನಿಂದ ಆಗಲ್ಲ ಕಣೆ. ಅವರು ಕೊಡದಿದ್ರೆ ಈ ಆಫೀಸೇ ಇರ್ತಿರಲಿಲ್ಲ.”

“ಹಾಗಾದ್ರೆ ಅವರನ್ನೇ ಕೇಳೋಣ ನಡಿ.”

ಶನಿವಾರ ಇಬ್ಬರೂ ಹಿರಿಯರನ್ನು ಕಾಣಲು ಹೋಗುವಾಗ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಬುಟ್ಟಿಯಲ್ಲಿ ಸುಟ್ಟ ಹಂದಿಮಾಂಸ, ಹೆಗ್ಗೆಣಸು ಇಟ್ಟುಕೊಂಡು ಅತ್ತೆಯ ಮನೆಗೆ ಹೋದರು. ಅತ್ತೆ ಕುರ್ಚಿಯ ಮೇಲೆ, ಇವರು ನೆಲದ ಮೇಲೆ. ಸೇನಿ ಹವಾಮಾನ ಮಾತಾಡಿದಳು, ಚರ್ಚಿನ ಹಾಡು ಮಾತಾಡಿದಳು, ಹಂದಿ ಎಷ್ಟು ಎಳೆಯದೆಂದು ಹೇಳಿದಳು. ಪೆಟ್ಟಿಗೆಯ ಮಾತು ಮಾತ್ರ ಎತ್ತಲಿಲ್ಲ.

“ಏನೇ, ಅಡ್ಡಗೋಡೆ ಮೇಲೆ ದೀಪ ಇಡ್ತಿದ್ದೀಯ. ಬಂದ ಕೆಲಸ ಹೇಳು” ಎಂದರು ಅತ್ತೆ.

ಸೇನಿ ಫೊಲಾವುವಿನ ಬೆರಳುಗಳ ಕಥೆ ಹೇಳಿದಳು. ಹೇಳುತ್ತಾ ಅತ್ತುಬಿಟ್ಟಳು. ಉಳಿದದ್ದನ್ನು ಪಿಸಿಲಾ ಹೇಳಿದಳು, ಕಸೂತಿ ಬಟ್ಟೆಯನ್ನೂ ಬಿಡದೆ.

ಅತ್ತೆ ಸೇನಿಯ ಕಡೆಗೆ ತಿರುಗಿದರು.

“ನಾನು ಕೊಟ್ಟಾಗ ನೀವು ಎಷ್ಟು ಜನ ಇದ್ರಿ?”

“ಇಬ್ರು, ಅತ್ತೆ.”

“ಇಬ್ಬರಿಗೆ ಅಂತ ಮಾಡಿದ ಅಡುಗೆಯನ್ನ ಊರಿಗೆಲ್ಲಾ ಬಡಿಸಿ, ಅತ್ತೆ ಮಾಡಿದ್ದು ಅಂತ ಹೊಗಳಿದ್ರೆ ನನಗೆ ಮರ್ಯಾದೇನಾ? ಹಸಿದು ಎದ್ದುಹೋದವನು ನನ್ನನ್ನೇ ಬಯ್ತಾನೆ.” ಅತ್ತೆ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಕೊಟ್ಟಿದ್ದನ್ನ ತೆಗೆಯೋಕೆ ನಿಂಗೆ ಧೈರ್ಯ ಇಲ್ಲ. ಸರಿ. ತಮ್ಮನ ಮಕ್ಕಳ ಮನೆಯಲ್ಲಿ ನನಗೆ ಬೇಕಾದ್ದನ್ನ ನಾನು ಕೇಳಿ ತಗೋಬಹುದು, ಇಲ್ಲ ಅನ್ನೋ ಹಾಗಿಲ್ಲ. ಹೌದೋ ಅಲ್ವೋ?”

“ಹೌದು ಅತ್ತೆ.”

“ಆ ಪೆಟ್ಟಿಗೆ ನಂಗೆ ಬೇಕು. ಹೊಸದು ಬಂದ ದಿನ ತಂದುಕೊಡು.”

ಸೇನಿ ಅತ್ತೆಯ ಪಾದದ ಹತ್ತಿರ ಹಣೆಯಿಟ್ಟಳು. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಎಂಥ ದೊಡ್ಡ ಮನಸ್ಸು ನೋಡಿ! ಕೊಟ್ಟಾಗಲೂ ದೊಡ್ಡವರು, ಕೇಳಿ ಪಡೆದಾಗಲೂ ದೊಡ್ಡವರು.

ಹೊಸ ಸ್ವಿಚ್ಚು ಹಡಗಿನಲ್ಲಿ ಬಂತು. ಪಿಸಿಲಾ ಅದನ್ನು ಎದೆಯೆತ್ತರಕ್ಕೆ, ಗಾಳಿಯಾಡುವ ಗೋಡೆಗೆ ಕೂರಿಸಿದಳು. ಪ್ರತಿ ಕೇಬಲ್ಲಿಗೂ ಹೆಸರಿನ ಚೀಟಿ ಅಂಟಿಸಿದಳು. ಅತ್ತೆಯದನ್ನು ಅತ್ತೆಗೆ ಕಳಿಸಿ, ಮಿಕ್ಕ ಎರಡು ಹಳೆಯ ಪೆಟ್ಟಿಗೆಗಳನ್ನು ಕಪಾಟಿನಲ್ಲಿಟ್ಟು, “ಇದು ಕೈಕೊಟ್ಟ ದಿನ ಅರ್ಧ ಆಫೀಸನ್ನಾದ್ರೂ ಅವು ಎಬ್ಬಿಸ್ತವೆ, ಬಿಸಾಡ್ಬೇಡ” ಎಂದಳು. ಬಟ್ಟೆ ಹೊದಿಸಲು ಬಂದವರ ಕೈಗೆ ಹೊಡೆದಳು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಛಾವಣಿ ಕಾದು ಟಕಟಕ ಎನ್ನುತ್ತಿದ್ದಾಗ ಎಲೆನೋವಾ ಫೋನು ಮಾಡಿದಳು. ಈ ಸಲ ಫೊಲಾವುವಿನ ಹೆಂಡತಿ. ಅವಳಿಗೂ ಸಕ್ಕರೆ, ಅವಳ ಕಾಲಿಗೂ ಗಾಯ. ಸೇನಿ ಡಾಕ್ಟರಿಗೆ ಲೈನು ಕೊಟ್ಟು ಕಾದಳು. ಲೈನು ಕಡಿಯಲಿಲ್ಲ. ಎಲೆನೋವಾ ಮೊಬೈಲಿನಲ್ಲಿ ತೋರಿಸಿದ ಗಾಯವನ್ನು ಡಾಕ್ಟರು ಪರದೆಯ ಮೇಲೆ ಕಣ್ಣಾರೆ ಕಂಡು, “ಈಗಲೇ ದೋಣಿ ಹತ್ತಿಸಿ” ಎಂದರು. ದೋಣಿ ಹತ್ತಿಸಿದರು.

ವಾಸಿಯಾದ ಮೇಲೆ ಗಂಡಹೆಂಡತಿ ಇಬ್ಬರೂ ಆಫೀಸಿಗೆ ಬಂದರು. ಫೊಲಾವು ಒಂದು ದೊಡ್ಡ ಮೀನು ತಂದಿದ್ದ. ಅದನ್ನು ಸೇನಿಯ ಕೈಗಿಟ್ಟು ನಕ್ಕ.

“ನಂಗೆ ಎಂಟು ಬೆರಳು, ಇವಳಿಗೆ ಹತ್ತು. ಹದಿನೆಂಟು ಇದೆ ತಾಯಿ, ನಮ್ಮ ಮನೆಗೆ ಸಾಕು.”

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸಂಘ, ಸೊಸೈಟಿ, ಸಣ್ಣ ಆಫೀಸು ಬೆಳೆಯುತ್ತಿದ್ದರೆ ಸಂತೋಷ. ಇವತ್ತೇ ಎದ್ದು ಮೇಜಿನಿಂದ ಮೇಜಿಗೆ ನಡೆದು ಕೇಬಲ್ಲುಗಳನ್ನು ಎಣಿಸಿ. ನಾಳೆ ಬರುವವರನ್ನೂ ಸೇರಿಸಿ ಎಣಿಸಿ. ಕರೆಂಟಿನ ಲೆಕ್ಕ ಕೇಳಿ, ಗಾಳಿಯಾಡುವ ಜಾಗ ಹುಡುಕಿ, ತಿಳಿದವರನ್ನು ಕರೆದು ಒಂದು ಮಾತು ಕೇಳಿ, ಆಮೇಲೆ ಸ್ವಿಚ್ಚು ಕೊಳ್ಳಿ. ಮೊದಲ ಪೆಟ್ಟಿಗೆ ಕೊಟ್ಟವರನ್ನು ಮರೆಯಬೇಡಿ, ಅವರ ಋಣ ದೊಡ್ಡದು. ಆದರೆ ಆ ಋಣ ತೀರುವುದು ಪೆಟ್ಟಿಗೆಯನ್ನು ಮೇಲೆ ಕೂರಿಸುವುದರಿಂದಲ್ಲ. ನಿಮ್ಮನ್ನು ನಂಬಿ ಫೋನು ಮಾಡಿದವರಿಗೆ ನೀವು ಸಿಗುವುದರಿಂದ.