ಅವಸರವಿಲ್ಲ

ಗುಂಡಿಯನ್ನು ಒತ್ತಿಯೇ ಹಿಡಿಯಬೇಕು, ಬಿಟ್ಟರೆ ನಿಂತುಬಿಡುತ್ತದೆ ಎಂದು ಚಿತ್ರಾ ಮೂರನೇ ಸಲ ಹೇಳುವಷ್ಟರಲ್ಲಿ ಕನಕಲಕ್ಷ್ಮಿಗೆ ಅದು ಬಂದುಬಿಟ್ಟಿತ್ತು. ಎರಡೂ ಕೈಯಲ್ಲಿ ಯಂತ್ರದ ಮಣಿಕಟ್ಟನ್ನು ಹಿಡಿದು ಅವಳು ಆ ಬಿಳಿಯ ತೋಳನ್ನು ಬೆಲ್ಟಿನ ಕಡೆಯಿಂದ ಮರದ ಹಲಗೆಯ ಕಡೆಗೆ ನಡೆಸಿಕೊಂಡು ಹೋದಳು. ತೋಳಿನ ತುದಿಯ ರಬ್ಬರ್ ಬಟ್ಟಲುಗಳು ಹತ್ತು ಕಿಲೋ ಬೆಲ್ಲದ ಪುಡಿಯ ಪೆಟ್ಟಿಗೆಯನ್ನು ಕಚ್ಚಿಕೊಂಡಿದ್ದವು. ಭಾರ ಈಗ ಅವಳದಲ್ಲ.

ಇದು ಇಷ್ಟು ಹಗುರವಾಗಿದ್ದರೆ ಹದಿನಾಲ್ಕು ವರ್ಷ ತಾನು ಎತ್ತಿದ್ದು ಏನನ್ನು ಎಂದು ಕನಕಲಕ್ಷ್ಮಿ ತೆಲುಗಿನಲ್ಲಿ ಕೇಳಿದಳು. ಚಿತ್ರಾ ನಕ್ಕಳು. ನಗಬೇಕೋ ಬೇಡವೋ ಗೊತ್ತಾಗದಾಗ ನಗುವುದು ಅವಳ ಅಭ್ಯಾಸ.

ಅನಕಾಪಲ್ಲಿಯ ಹೊರಗಿನ ಆ ಕಾರ್ಖಾನೆಯಲ್ಲಿ ಬೆಲ್ಲ ಪುಡಿಯಾಗಿ, ಪೊಟ್ಟಣವಾಗಿ, ಪೆಟ್ಟಿಗೆಯಾಗಿ ಬೆಲ್ಟಿನ ಮೇಲೆ ಬರುತ್ತಿತ್ತು. ಬೆಲ್ಟಿನ ಕೊನೆಯಲ್ಲಿ ಆರು ಹೆಂಗಸರು, ಸೀರೆಯ ಮೇಲೆ ನೀಲಿ ಶರ್ಟು ತೊಟ್ಟವರು, ಅದನ್ನು ಹಲಗೆಯ ಮೇಲೆ ಪೇರಿಸುತ್ತಿದ್ದರು. ಆ ಕೆಲಸವನ್ನು ತೋಳಿಗೆ ಕಲಿಸಲು ದಾವಣಗೆರೆಯ ಇಂಜಿನಿಯರ್ ಚಿತ್ರಾ ವಿಶಾಖಪಟ್ಟಣದ ಹಾಸ್ಟೆಲಿನಿಂದ ದಿನವೂ ಕಂಪನಿಯ ಕಾರಿನಲ್ಲಿ ಬರುತ್ತಿದ್ದಳು. ಈ ಯಂತ್ರಕ್ಕೆ ಬೇಲಿ ಬೇಡ. ಮನುಷ್ಯರ ಪಕ್ಕದಲ್ಲೇ ನಿಂತು ದುಡಿಯುತ್ತದೆ, ಮನುಷ್ಯರು ತಾಗಿದರೆ ನಿಲ್ಲುತ್ತದೆ. ಕಂಪನಿಯ ಪುಸ್ತಿಕೆ ಅದನ್ನು ಸಹೋದ್ಯೋಗಿ ಎಂದು ಕರೆದಿತ್ತು. ಹೆಂಗಸರು ಸುಮ್ಮನೆ 'ಚೆಯ್ಯಿ' ಎನ್ನುತ್ತಿದ್ದರು. ಕೈ.

ಮೊದಲು ವಿಜಯವಾಡದ ಬಳಿ, ಗನ್ನವರಂನ ಕಾರ್ಖಾನೆಯಲ್ಲಿ, ಚಿತ್ರಾ ಈ ಪಾಠವನ್ನು ತಾನೇ ಕಂಪ್ಯೂಟರಿನ ಮುಂದೆ ಕೂತು ಬರೆದಿದ್ದಳು. ಲಾರಿ ಹತ್ತಿದ ಆ ಪೇರಿಕೆ ಒಂದು ಗಂಟೆ ದಾರಿಯ ಏಲೂರು ಮುಟ್ಟುವ ಮೊದಲೇ ವಾಲಿತ್ತು. ಕನಕಲಕ್ಷ್ಮಿಯ ಪೇರಿಕೆ ಎಂದೂ ವಾಲಿದ್ದಿಲ್ಲ. ಪ್ರತಿ ಸಾಲಿನಲ್ಲೂ ಅವಳು ಒಂದು ಪೆಟ್ಟಿಗೆಯನ್ನು ಅಡ್ಡ ತಿರುಗಿಸಿಡುತ್ತಿದ್ದಳು, ಮೇಲಿನ ಸಾಲಿನಲ್ಲಿ ಅದರ ಎದುರು ಮೂಲೆಯದನ್ನು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಈ ಸಲ ಅವಳ ಕೈಯನ್ನೇ ಕೇಳುವುದೆಂದು ತೀರ್ಮಾನವಾಗಿತ್ತು.

ಐವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಕೈಗೆ ಕಲಿಸಿದವಳು ಕೈಯ ಜೊತೆ ಉಳಿಯುತ್ತಾಳೆ ಎಂದು ಮ್ಯಾನೇಜರ್ ಕನಕಲಕ್ಷ್ಮಿಗೆ ಹೇಳಿದ್ದ. ಚಿತ್ರಾ ಅಲ್ಲೇ ಇದ್ದಳು. ಅದು ತೀರ್ಮಾನವಾಗುವುದು ಅವಳ ವರದಿಯ ಒಂದು ಕಾಲಂನಲ್ಲಿ: ಈ ಜಾಗಕ್ಕೆ ಬೇಕಾದ ಜನ. ಗನ್ನವರಂನಲ್ಲಿ ಅವಳು ಸೊನ್ನೆ ಬರೆದಿದ್ದಳು. ಅಲ್ಲಿಯ ಹೆಂಗಸರು ಎರಡು ವಾರ ಅಂಗಳ ಗುಡಿಸುವುದು ಕಂಡಿತ್ತು. ಆಮೇಲೆ ಕಾಣಲಿಲ್ಲ. ಇಲ್ಲಿ ನಾಲ್ಕು ದಿನದಿಂದ ಆ ಕಾಲಮ್ಮನ್ನು ಖಾಲಿ ಬಿಟ್ಟಿದ್ದಳು. ಆ ಖಾಲಿಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಪುಡಿ ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಒಂದೊಂದು ಸಾಲು ಮುಗಿದಾಗಲೂ ಕನಕಲಕ್ಷ್ಮಿ ಗುಂಡಿ ಬಿಡದೆ, ಯಂತ್ರದ ಮಣಿಕಟ್ಟನ್ನೂ ಎತ್ತಿಕೊಂಡೇ, ಶರ್ಟಿನ ತೋಳಿಗೆ ಹಣೆ ಒರೆಸಿಕೊಳ್ಳುತ್ತಿದ್ದಳು. ಎಡದಿಂದ ಬಲಕ್ಕೆ, ಒಮ್ಮೆ. ಯಂತ್ರ ಅದನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡಳು ಚಿತ್ರಾ.

ಮೂರನೇ ಸಾಲಿಗೆ ಬೆಲ್ಟಿನ ಮೇಲೆ ಪೆಟ್ಟಿಗೆಗಳು ಒತ್ತೊತ್ತಾಗಿ ನಿಂತವು. ಕನಕಲಕ್ಷ್ಮಿಯ ಕೈ ಚುರುಕಾಯಿತು. ಅವಳ ಕತ್ತಿನ ನರ ಬಿಗಿದದ್ದು ನೋಡಿ ಚಿತ್ರಾಳಿಗೆ ಪಾಪವೆನಿಸಿತು. ತನಗೆ ಬರುವ ತೆಲುಗಿನಲ್ಲಿ ಆದಷ್ಟು ಮೃದುವಾಗಿ ಅಂದಳು:

"ಅವಸರಂ ಲೇದು, ಕನಕಲಕ್ಷ್ಮಿಗಾರೂ."

ಕೈ ನಿಂತಿತು. "ಲೇದಾ?"

"ಲೇದು." ಧೈರ್ಯ ತುಂಬಲೆಂದು ನಕ್ಕು, ಇನ್ನೊಂದು ಮಾತನ್ನೂ ಸೇರಿಸಿದಳು. "ಅಸಲು ಲೇದು." ಒಂಚೂರೂ ಇಲ್ಲ.

ಕನಕಲಕ್ಷ್ಮಿ ಹಿಡಿದಿದ್ದ ಪೆಟ್ಟಿಗೆಯನ್ನು, ಸಾಲಿನ ಕೊನೆಯದನ್ನು, ಅದರ ಜಾಗದಲ್ಲಿಟ್ಟಳು. ಹಣೆ ಒರೆಸಿಕೊಂಡಳು. ಗುಂಡಿ ಬಿಟ್ಟಳು. ತೋಳು ಗಾಳಿಯಲ್ಲಿ ನಿಂತಿತು. ಅವಳು ಬಾಗಿಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಸರಿಸಿ ಹೊರಗೆ ಹೋದಳು.

ಟೀ ಕುಡಿಯಲು ಇರಬೇಕು.

ಒಂದು ಗಂಟೆಯಾದರೂ ಬರಲಿಲ್ಲ. ಮೂರು ಸಾಲು ಸಾಕಿತ್ತು. ಯಂತ್ರಕ್ಕೆ ಒಂದು ಸಲ ಹೇಳಿದರೆ ಮತ್ತೆ ಹೇಳಬೇಕಿಲ್ಲ. ಆದರೂ ಚಿತ್ರಾಳಿಗೆ ಸಿಟ್ಟು ಬಂತು. ಒಂದು ಮಾತು ಹೇಳದೆ ಎದ್ದು ಹೋಗುವುದೆಂದರೆ? ಯಾರಿಗಾಗಿ ತಾನು ನಾಲ್ಕು ದಿನದಿಂದ ಆ ಕಾಲಮ್ಮನ್ನು ಕಾಯ್ದುಕೊಂಡಿದ್ದು?

ವಿಜಯವಾಡದ ಆಫೀಸಿನಿಂದ ಬಾಲಚಂದ್ರ ಫೋನು ಮಾಡಿದರು. ಅವರು ಮೈಸೂರಿನವರು, ಅವಳ ಮೇಲಧಿಕಾರಿ, ಎಂದೂ ದನಿ ಏರಿಸಿದವರಲ್ಲ.

"ಚಿತ್ರಾ, ಎಲ್ಲಾ ತುಂಬಿ ಒಂದು ಕಾಲಂ ಬಿಟ್ಟಿದೀಯಲ್ಲಮ್ಮ. ಮೆಷೀನಿಗೆ ಜಾತಕ ನೋಡಿಸ್ತಿದೀಯಾ?"

"ಟ್ರಯಲ್ ಆಗ್ಲಿ ಅಂತ, ಸಾರ್."

"ಟ್ರಯಲ್ ಸಂಜೆ. ಕಾರ್ಖಾನೆಯವರಿಗೆ ವರದಿ ಊಟಕ್ಕೆ ಮೊದಲು ಬೇಕಂತೆ. ಒಬ್ಬರಾದ್ರೂ ಬೇಕೇ ಬೇಕು ಅಂತ ನಿನಗನ್ನಿಸಿದ್ರೆ ಒಂದು ಅಂತ ಹಾಕು, ನಾನು ಬೇಡ ಅನ್ನಲ್ಲ. ಆದ್ರೆ ಕಾರಣ ಬರಿ."

ಅದು ನಿಜ. ಅವರು ಬೇಡ ಅನ್ನುತ್ತಿರಲಿಲ್ಲ. ಚಿತ್ರಾ ಕಾರಣ ಹುಡುಕಿದಳು. ತೋಳು ಗಾಳಿಯಲ್ಲಿ ನಿಂತಿತ್ತು, ಅದರ ಪಕ್ಕದ ಜಾಗ ಖಾಲಿ ಇತ್ತು. ಅವಳಿಗೇ ಬೇಡವಾದರೆ ನಾನೇನು ಮಾಡಲಿ ಎಂಬ ವಾಕ್ಯ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಸೊನ್ನೆ ಒತ್ತಿ ಕಳಿಸಿದಳು. ಕಳಿಸಿದ ಮೇಲೆ ಹಸಿವಾಯಿತು.

ಊಟದ ಡಬ್ಬಿ ಬಿಚ್ಚುವಾಗ ರಾಜಮ್ಮ ಬಂದಳು. ಆರು ಜನರಲ್ಲಿ ಹಿರಿಯಳು. ಕೆಳಗೆ ಚೆಲ್ಲಿದ ಬೆಲ್ಲದ ಪುಡಿಯನ್ನು, ಅದಕ್ಕೆ ಮುತ್ತಿದ ಇರುವೆಗಳ ಸಮೇತ ಗುಡಿಸುತ್ತಾ, ಚಿತ್ರಾಳ ಕಾಲ ಬಳಿ ಪೊರಕೆ ನಿಲ್ಲಿಸಿದಳು. ಹದಿನಾಲ್ಕು ವರ್ಷ ದುಡಿದವಳಿಗೆ ಮುಖದ ಮೇಲೆ ಹಾಗೆ ಹೇಳಬಹುದೇ ಅಮ್ಮಾ ಎಂದಳು. ಅದೂ ನಗುತ್ತಾ.

ತಾನೇನು ಹೇಳಿದೆ ಎಂದು ಚಿತ್ರಾ ಕೇಳಿದಳು. ರಾಜಮ್ಮ ಅವಳದೇ ರಾಗದಲ್ಲಿ ಅಂದು ತೋರಿಸಿದಳು: ಅವಸರಂ ಲೇದು. ನೀನು ಬೇಕಾಗಿಲ್ಲ.

ಚಿತ್ರಾಳ ಕೈಯಲ್ಲಿ ತುತ್ತು ಹಾಗೇ ಉಳಿಯಿತು. ತಮ್ಮ ಭಾಷೆಯಲ್ಲಿ ಹಾಗಲ್ಲ, ಗಡಿಬಿಡಿ ಮಾಡಬೇಡಿ, ನಿಧಾನಕ್ಕೆ ಮಾಡಿ ಅಂತ ಅರ್ಥ ಎಂದು ಕೈ ಬಾಯಿ ಎರಡರಲ್ಲೂ ವಿವರಿಸಿದಳು. ರಾಜಮ್ಮ ಪೊರಕೆಯನ್ನು ಬೆಲ್ಟಿಗೆ ಒರಗಿಸಿದಳು.

"ದಾನ್ನಿ ತೊಂದರ ಅಂಟಾರು ಅಮ್ಮಾ," ಎಂದಳು. ಅದಕ್ಕೆ ತೊಂದರ ಅಂತಾರೆ. "ತೊಂದರ ಲೇದು, ಅನಾಲಿ." ಹಾಗೆನ್ನಬೇಕು.

ಅವರ ತೊಂದರ ತಮ್ಮ ಅವಸರ. ಅವರ ಅವಸರ ತಮ್ಮ ಅಗತ್ಯ. ಮೂರು ತಿಂಗಳಿಂದ ಚಿತ್ರಾ ಆ ಮಾತನ್ನು ಎಲ್ಲರಿಗೂ ಹೇಳುತ್ತಾ ಬಂದಿದ್ದಳು. ಹಾಸ್ಟೆಲಿನಲ್ಲಿ ಎರಡನೇ ದೋಸೆ ತಡವಾದಾಗ ಅಡುಗೆಯವಳಿಗೆ ಅಕ್ಕರೆಯಿಂದ ಹೇಳಿದ್ದಳು, ದೋಸೆ ಬಂದೇ ಇರಲಿಲ್ಲ. ಗನ್ನವರಂನಲ್ಲಿ ಯಾರ್ಯಾರಿಗೆ ಹೇಳಿದ್ದಳೋ ನೆನಪಾಗಲಿಲ್ಲ. ಅಲ್ಲಿ ಯಾರೂ ಬಂದು ತಿದ್ದಿರಲಿಲ್ಲ. ಸೊನ್ನೆ ಬರೆದ ಕಡೆ ತಿದ್ದುವಂಥ ತಪ್ಪೂ ಅದಾಗಿರಲಿಲ್ಲ.

ಡಬ್ಬಿ ಮುಚ್ಚಿ ಹೊರಗೆ ಓಡಿದಳು.

ಕನಕಲಕ್ಷ್ಮಿ ದೂರ ಹೋಗಿರಲಿಲ್ಲ. ಹೆದ್ದಾರಿಯ ಬದಿ, ಷೇರ್ ಆಟೋ ನಿಲ್ಲುವ ಕಡೆ, ತಗಡಿನ ನೆರಳಲ್ಲಿ ಕೂತಿದ್ದಳು. ತೊಡೆಯ ಮೇಲೆ ತೆರೆಯದ ಟಿಫಿನ್ನು. ನಾಲ್ಕು ಆಟೋ ಬಂದು ಹೋದುವೆಂದು ಅವಳೇ ಹೇಳಿದಳು. ಇಷ್ಟು ಬೇಗ ಮನೆಗೆ ಹೋದರೆ ಅಕ್ಕಪಕ್ಕದವರು ಯಾಕೆ ಎಂದು ಕೇಳುತ್ತಾರೆ. ಐದರ ತನಕ ಇಲ್ಲೇ ಕೂತಿದ್ದು ಹೋಗುತ್ತೇನೆ, ನಾಳೆ ಎಲ್ಲಿ ಕೂರುವುದೋ ನೋಡಬೇಕು ಎಂದಳು. ದನಿಯಲ್ಲಿ ದೂರಿರಲಿಲ್ಲ. ಅದು ಚಿತ್ರಾಳಿಗೆ ಕಷ್ಟವಾಯಿತು.

ಅವಳ ಪಕ್ಕ ಕೂತು ಎರಡು ಪದಗಳ ಕತೆ ಹೇಳಿದಳು. ಕನಕಲಕ್ಷ್ಮಿ ಮೊದಲು ನಂಬಲಿಲ್ಲ. ಆಮೇಲೆ ಶರ್ಟಿನ ತೋಳು ಬಾಯಿಗೆ ಅಡ್ಡ ಹಿಡಿದು, ಮೈ ಕುಲುಕುವಷ್ಟು ನಕ್ಕಳು. ಕಣ್ಣಲ್ಲಿ ನೀರು ಬಂತು. ಅದು ನಗುವಿನದೇ ಎಂದು ಚಿತ್ರಾ ತೀರ್ಮಾನಿಸಿದಳು.

ನಗು ನಿಂತ ಮೇಲೆ ಕನಕಲಕ್ಷ್ಮಿ ನೇರವಾಗಿ ಕೇಳಿದಳು.

"ಅಯಿತೇ, ನಾ ಅವಸರಂ ಉಂದಾ, ಮೇಡಂ?"

ಹಾಗಾದರೆ, ನಾನು ಬೇಕಾ?

ಚಿತ್ರಾಳ ಕೈಯಲ್ಲಿ ಫೋನಿತ್ತು. ಕಳಿಸಿದ್ದನ್ನು ತಿದ್ದಿ ಇನ್ನೊಂದು ಕಳಿಸಬಹುದಿತ್ತು. ಸೊನ್ನೆಯ ಜಾಗದಲ್ಲಿ ಒಂದು. ಕಾರಣ ಎಂಬಲ್ಲಿ ಏನು ಬರೆಯುವುದು? ಇವಳು ಐದರ ತನಕ ಹೆದ್ದಾರಿಯಲ್ಲಿ ಕೂತಿರುತ್ತಾಳೆ ಎಂದೇ? ಊಟಕ್ಕೆ ಮೊದಲು ನನಗೆ ಸಿಟ್ಟು ಬಂದಿತ್ತು ಎಂದೇ? ಒಂದು ಲಾರಿ ಧೂಳೆಬ್ಬಿಸಿ ಹೋಯಿತು. ಅದು ಹೋಗುವವರೆಗೆ ಉತ್ತರ ಕೊಡಬೇಕಾಗಿರಲಿಲ್ಲ. ಹೋದ ಮೇಲೆ ಅವಳ ಬಾಯಿಂದ ಬಂದದ್ದು ಹೊಸದಾಗಿ ಕಲಿತ ಮಾತು.

"ತೊಂದರ ಲೇದು."

ಗಡಿಬಿಡಿ ಇಲ್ಲ, ಎಂದು ಕನಕಲಕ್ಷ್ಮಿ ಕೇಳಿಸಿಕೊಂಡಳು. ತೊಂದರೆ ಇಲ್ಲ, ಎಂದು ಚಿತ್ರಾ ತನಗೆ ತಾನೇ ಹೇಳಿಕೊಂಡಳು. ಯಾವ ಭಾಷೆಯಲ್ಲೂ ಅದು ಉತ್ತರವಾಗಿರಲಿಲ್ಲ. ಇಬ್ಬರಿಗೂ ಸಾಕಾಯಿತು.

ಕನಕಲಕ್ಷ್ಮಿ ಟಿಫಿನ್ ತೆರೆದು ಹುಳಿಯನ್ನವನ್ನು ಮುಚ್ಚಳಕ್ಕೆ ಅರ್ಧ ಹಾಕಿ ಅವಳ ಮುಂದಿಟ್ಟಳು. ಚಿತ್ರಾ ಬೇಡವೆನ್ನಲಿಲ್ಲ. ತಿಂದಳು. ಚೆನ್ನಾಗಿತ್ತು.

ನಾಲ್ಕಕ್ಕೆ ಟ್ರಯಲ್. ಮ್ಯಾನೇಜರ್, ಮರಳಿ ಬಂದ ಕನಕಲಕ್ಷ್ಮಿಯೂ ಸೇರಿ ಆರು ಹೆಂಗಸರು, ಎಲ್ಲರೂ ನೆಲದ ಹಳದಿ ಗೆರೆಯಾಚೆ ನಿಂತರು. ತೋಳು ಪೆಟ್ಟಿಗೆ ಎತ್ತಿತು, ಇಟ್ಟಿತು, ಒಂದನ್ನು ಅಡ್ಡ ತಿರುಗಿಸಿತು. ಥೇಟ್ ಕನಕಲಕ್ಷ್ಮಿ. ಮೊದಲ ಸಾಲು ಮುಗಿಯಿತು. ತೋಳು ಬರಿದಾಗಿ ಮೇಲೆದ್ದಿತು. ಮನುಷ್ಯರ ಹಣೆಯ ಎತ್ತರದಲ್ಲಿ, ಯಾರೂ ಇಲ್ಲದ ಕಡೆ, ಎಡದಿಂದ ಬಲಕ್ಕೆ ಒಮ್ಮೆ ನಿಧಾನವಾಗಿ ಸವರಿ ಕೆಳಗಿಳಿಯಿತು.

ಒಂದು ಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಮೊದಲು ನಕ್ಕವಳು ರಾಜಮ್ಮ.

"ಒಸೇ, ನಿನ್ನ ಬೆವರನ್ನೂ ಕಲಿತುಬಿಟ್ಟಿತಲ್ಲೇ. ನಾಳೆ ನಿನ್ನ ಗಂಡನನ್ನೂ ಬೈಯುತ್ತೆ ನೋಡು."

ಎಲ್ಲರೂ ನಕ್ಕರು. ಕನಕಲಕ್ಷ್ಮಿಯ ಮುಖ ಕೆಂಪಾಯಿತು. ಇರಲಿ ಬಿಡಿ ಮೇಡಂ, ಅದಕ್ಕೂ ದಣಿವಾಗುತ್ತದೆ ಎಂದಳು. ಹಾಗೆ ಹೇಳುವಾಗ ಅವಳಿಗೆ ಹೆಮ್ಮೆಯಾಗಿತ್ತು. ಮಗುವೊಂದು ತನ್ನಂತೆ ಕೂತದ್ದನ್ನು ನೋಡಿದವಳ ಹಾಗೆ.

ಮ್ಯಾನೇಜರ್ ನಗಲಿಲ್ಲ, ಫೋನಿನಲ್ಲಿ ಹಿಡಿದು ವಿಜಯವಾಡಕ್ಕೆ ಕಳಿಸಿದ. ಬಾಲಚಂದ್ರ ಕೂಡಲೇ ಚಿತ್ರಾಳಿಗೆ ಫೋನು ಮಾಡಿದರು. ಆ ಸಲಾಮು ಹೊಡೆಯೋದನ್ನ ತೆಗೆಯಮ್ಮ, ಸಾಲಿಗೆ ಎರಡು ಸೆಕೆಂಡು ಹೋಗುತ್ತೆ ಎಂದರು. ವರದಿ ನೋಡಿದೆ, ಸ್ಪಷ್ಟವಾಗಿದೆ, ಕಾರ್ಖಾನೆಯವರಿಗೂ ಒಪ್ಪಿಗೆ ಎಂದರು. ಫೋನಿನ ದನಿ ಪಕ್ಕದವರಿಗೆ ಕೇಳುವಂತಿತ್ತು. ಕನ್ನಡವಾದ್ದರಿಂದ ಚಿಂತೆಯಿರಲಿಲ್ಲ.

"ಮೇಡಂ, ನಾಳೆ ಯಾವ ಶಿಫ್ಟಿಗೆ ಬರಲಿ?" ಗೆರೆಯಾಚೆಯಿಂದ ಕನಕಲಕ್ಷ್ಮಿ ಕೇಳಿದಳು.

ಚಿತ್ರಾ ತೋಳಿನ ಬಟ್ಟಲುಗಳಲ್ಲಿ ಏನೋ ಸರಿಯಿಲ್ಲವೆಂಬಂತೆ ಕಣ್ಣು ಕಿರಿದು ಮಾಡಿಕೊಂಡು ಗೆರೆ ದಾಟಿ ಒಳಗೆ ಹೋದಳು. ಬೆಲ್ಟಿಗೂ ಹಲಗೆಗೂ ನಡುವೆ, ಬೆಳಿಗ್ಗೆ ಕನಕಲಕ್ಷ್ಮಿ ನಿಂತಿದ್ದ ಜಾಗದಲ್ಲಿ, ಬೆನ್ನು ಹಾಕಿ ನಿಂತಳು. ಅಲ್ಲಿ ಯಾರಿಗೂ ಅವಳ ಮುಖ ಕಾಣುತ್ತಿರಲಿಲ್ಲ.

ಎರಡನೇ ಸಾಲಿನ ಕೊನೆಯ ಪೆಟ್ಟಿಗೆ ಕೂತಿತು. ತೋಳು ಮೇಲೆದ್ದಿತು. ಕನಕಲಕ್ಷ್ಮಿಯ ಎತ್ತರ, ಚಿತ್ರಾಳ ಎತ್ತರ ಒಂದೇ. ಬೆಲ್ಲದ ವಾಸನೆಯ ತಣ್ಣನೆ ರಬ್ಬರ್ ಚಿತ್ರಾಳ ಹಣೆಗೆ ತಾಗಿತು. ತಾಗಿದ್ದೇ ನಿಂತಿತು.

ಬೆಲ್ಟು ನಿಂತಿತು. ಕೆಂಪು ದೀಪ ಹತ್ತಿತು. ಯಂತ್ರದ ಪರದೆಯ ಮೇಲೆ ಮೂಡಿದ ತೆಲುಗು ಸಾಲನ್ನು ಕನಕಲಕ್ಷ್ಮಿ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. ಹೆಂಗಸರಿಗೆ ಅರ್ಥವಾಗಲೆಂದು ಕಳೆದ ವಾರ ಚಿತ್ರಾಳೇ ಹಾಕಿಸಿದ್ದ ಸಾಲು ಅದು.

"ಮನಿಷಿನಿ... ತೊಲಗಿಂಚಂಡಿ."

ಮನುಷ್ಯರನ್ನು ತೊಲಗಿಸಿ. ಯಾರೋ ಕಿಸಕ್ಕೆಂದರು. ಈಚೆ ಬನ್ನಿ ಮೇಡಂ ಎಂದು ಕನಕಲಕ್ಷ್ಮಿ ಕರೆದಳು. ಚಿತ್ರಾ ಒಂದು ಹೆಜ್ಜೆ ಹಿಂದಿಟ್ಟರೆ ಸಾಕಿತ್ತು. ಇಟ್ಟರೆ ತಿರುಗಬೇಕಾಗುತ್ತಿತ್ತು. ಅವಳ ಹಣೆಯ ಮೇಲೆ ಆ ಕೈ ಒತ್ತಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಕಾಯುತ್ತಿತ್ತು. ಅದಕ್ಕೆ ಯಾವ ಅವಸರವೂ ಇರಲಿಲ್ಲ.