ಹಾಸಿಗೆಗೆ ಹೋದ ಜಯಧರ

ಬೆಂಗಳೂರಿನ ಇಂದಿರಾನಗರದ ಬಟ್ಟೆಯಂಗಡಿಯಿಂದ ವಿಮಲಾಕ್ಷಿ ಬರಿಗೈಯಲ್ಲಿ ಹೊರಬಂದಳು. ಮೈದುನ ಈರಯ್ಯ ನೇಯ್ಗೆ ಬಟ್ಟೆಯ ಗಂಟು ಹೊತ್ತು ಮುಂದೆ ನಡೆದ.

ಹೊರದೇಶದ ಹತ್ತಿ ಸುಂಕವಿಲ್ಲದೆ ಬಂದಿಳಿದ ವರ್ಷ ಗದಗಿನ ಕಡೆಯ ಅವರೂರಿಗೆ ದಲಾಲರು ಬರುವುದೇ ನಿಂತಿತ್ತು. ಗಿರಣಿಗಳು ಉದ್ದ ಎಳೆ ಬೇಕು, ಪರೀಕ್ಷೆಯಾಗಿ ಮುದ್ರೆ ಬಿದ್ದ ಮೂಟೆಯೇ ಬೇಕು ಎಂದು ಪಟ್ಟು ಹಿಡಿದಿದ್ದವು. ಆಗ ಊರ ಹೆಂಗಸರನ್ನು ಕೂಡಿಸಿ, ಎಳೆ ಗಿಡ್ಡವಾದರೂ ಔಷಧಿ ಹೊಡೆಯದೆ ಬೆಳೆಯುವ ಹಳೆಯ ಜಯಧರ ಹತ್ತಿ ಬಿತ್ತೋಣ, ಬೀಜ ಬಿಡಿಸುವುದರಿಂದ ಹಿಡಿದು ನೇಯುವ ತನಕ ನಾವೇ ಮಾಡೋಣ ಎಂದವಳು ವಿಮಲಾಕ್ಷಿ. ಬಟ್ಟೆಯೇನೋ ಬಂತು. ಕೊಳ್ಳುವವರು ಬರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೆಳಗಿನಿಂದ ಅಂಗಡಿ ಅಂಗಡಿ ಹತ್ತಿಳಿದಿದ್ದಾಯಿತು. ಕೊನೆಗೆ ಈ ಬೃಂದಾ.

"ನೇಯ್ಗೆ ತುಂಬಾ ಚೆನ್ನಾಗಿದೆ ಆಂಟಿ," ಎಂದಿದ್ದಳು ಅಂಗಡಿಯ ಒಡತಿ ಬೃಂದಾ, ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು. "ಆದ್ರೆ ಒರಟು ಅಂತ ವಾಪಸ್ ತಂದ್ಕೊಡ್ತಾರೆ. ಹೋದ್ ವರ್ಷ ಬೇರೆಯವರ ಹತ್ರ ತೊಗೊಂಡ ಇಂಥದ್ದೇ ಸ್ಟಾಕ್ ಕೂತಿದೆ. ಒಂದ್ ಕೆಲ್ಸ ಮಾಡಿ, ಶಿವಾಜಿನಗರದಲ್ಲಿ ಅಕ್ತರ್ ಅಂತ ಹಾಸಿಗೆ ಹೊಲೀತಾರೆ. ನಮ್ಮಜ್ಜಿ ಹಾಸಿಗೆ ಅವರದ್ದೇ. ಒಳ್ಳೆ ಹತ್ತಿ ಸಿಗಲ್ಲ ಅಂತ ಒದ್ದಾಡ್ತಿರ್ತಾರೆ."

ಅಕ್ತರನ ಅಂಗಡಿಯೆಂದರೆ ಗಲ್ಲಿಯೊಳಗಿನ ಒಂದೇ ಕೋಣೆ. ಅವನು ಬಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಾದರಿಗೆಂದು ತಂದಿದ್ದ ಅರಳೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟ. ಅದು ಮೆಲ್ಲಗೆ ಉಬ್ಬಿತು.

"ಅರೆ, ಎಲ್ಲಿತ್ತಮ್ಮಾ ಇದು? ಮಿಲ್ ವೇಸ್ಟ್ ತುಂಬಿ ತುಂಬಿ ಸಾಕಾಗ್ಬಿಟ್ಟಿದೆ ನನ್ಗೆ. ಫೋಮ್ ಬಂದ್ಮೇಲೆ ಗಿರಾಕಿ ಕಮ್ಮಿ. ಆದ್ರೂ ಬೆನ್ನುನೋವಿನವರು, ಬಾಣಂತಿಯರು ಕೇಳ್ಕೊಂಡ್ ಬರ್ತಾರೆ. ವರ್ಷಾ ವರ್ಷಾ ಕಳ್ಸಿ, ತೊಗೋತೀನಿ. ಬಟ್ಟೆ ಬೇಡ."

ಈರಯ್ಯ ಅತ್ತಿಗೆಯನ್ನು ಪಕ್ಕಕ್ಕೆ ಕರೆದ. "ಹಾಸಿಗ್ಯಾಗ ತುರುಕಾಕ ಇಷ್ಟೆಲ್ಲಾ ಮಾಡಿದ್ವೇನ್ ವೈನಿ?"

"ಸಾಕಾಗೈತೋ ಈರಯ್ಯ. ಒಯ್ಯೋರು ಸಿಕ್ಕಾರ, ಕೊಡೋಣು."

ಒಪ್ಪಿಕೊಂಡದ್ದಾಯಿತು. ವಿಮಲಾಕ್ಷಿ ಅಲ್ಲಿಂದಲೇ ಊರಿಗೆ ಫೋನು ಹಚ್ಚಿದಳು. ಆ ಕಡೆ ಮಗ್ಗದ ಮೇಲಿದ್ದವಳು ಜಟ್ಟೆಮ್ಮ. ಮೊಣಕಾಲು ನೋವು ಲೆಕ್ಕಿಸದೆ ನೇಯ್ಗೆ ಕಲಿತವಳು, ಕಲಿತ ಮೇಲೆ ಉಳಿದವರಿಗೂ ಕಲಿಸಿದವಳು.

"ಅರಳಿ ಅಷ್ಟ ಬೇಕಂತವ್ವ, ಬಟ್ಟಿ ಬ್ಯಾಡಂತ. ಅರ್ಧ ಹೊಲಕ್ಕ ಹತ್ತಿ ಸಾಕು, ಉಳಿದಿದ್ದಕ್ಕ ಗೋವಿನಜೋಳ ಹಾಕೋಣು."

"ಮತ್ತ ಮಗ್ಗ?"

ವಿಮಲಾಕ್ಷಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. "ಒಂದು ಇರಲಿ, ನಿಂದು. ಉಳಿದವು ಬಿಚ್ಚಿಡ್ರಿ."

ಜಟ್ಟೆಮ್ಮ ಅಳಲಿಲ್ಲ, ಬೈಯಲೂ ಇಲ್ಲ. "ಉಂಡಿಯೇನು?" ಎಂದಳು.

"ಇಲ್ಲ."

"ಮೊದಲ ಉಣ್ಣು ಹೋಗು."

ಗಲ್ಲಿಯ ತುದಿಯ ಹೋಟೆಲಿನಲ್ಲಿ ಈರಯ್ಯ ಮೊದಲು ಏನೂ ಬೇಡವೆಂದ. ಬನ್ನು ಬಂದ ಮೇಲೆ ತನ್ನದನ್ನೂ ತಿಂದು ಅತ್ತಿಗೆಯದಕ್ಕೂ ಕೈಹಾಕಿದ. ತಲೆಯೆತ್ತಿ ನೋಡಿದರೆ ವಿಮಲಾಕ್ಷಿ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಅವನು ಎಬ್ಬಿಸಲಿಲ್ಲ. ಚಹಾ ಆರದಿರಲೆಂದು ಅವಳ ಲೋಟದ ಮೇಲೆ ತಟ್ಟೆ ಮುಚ್ಚಿದ.